ದುಖಾನ್ ದಾರಿಯ ಫ್ರೆಂಚ್ ಗಂಟಲು

ನನ್ನ ಕಾರಿನಲ್ಲಿ, ಗೇರಿನ ಪಕ್ಕದ ಗೂಡಿನಲ್ಲಿ, ಒಂದು ಪುಟ್ಟ ತಗಡಿನ ಡಬ್ಬಿ ಇದೆ. ಅದರೊಳಗೆ ಕಲ್ಲುಸಕ್ಕರೆ, ಕಾಳುಮೆಣಸು. ನೀವು ಹಾಡುವವರಾಗಿದ್ದರೆ ಅದರ ಉಪಯೋಗವನ್ನು ನಾನು ಹೇಳಬೇಕಾಗಿಲ್ಲ. ಅಲ್ಲವಾದರೆ ಇಷ್ಟು ತಿಳಿದರೆ ಸಾಕು, ಒಂದೆರಡು ಕಾಳು ಮೆಣಸನ್ನು ಒಂದು ಹರಳು ಸಕ್ಕರೆಯ ಜೊತೆ ದವಡೆಯಲ್ಲಿಟ್ಟುಕೊಂಡರೆ ಗಂಟಲು ಎಣ್ಣೆ ಹಾಕಿದ ಬಾಗಿಲಿನಂತೆ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಆದರೆ ನಾನು ಹೇಳಹೊರಟಿರುವ ಶುಕ್ರವಾರದ ಹೊತ್ತಿಗೆ ಆ ಡಬ್ಬಿಯನ್ನು ಯಾರೂ ಮುಟ್ಟದೆ ಬಹಳ ಕಾಲವಾಗಿತ್ತು. ಕತಾರಿನ ಸೆಕೆಗೆ ಸಕ್ಕರೆ ಬೆವತು, ಮೆಣಸನ್ನೆಲ್ಲ ಮೈಗಂಟಿಸಿಕೊಂಡು, ಒಂದೇ ಗಟ್ಟಿಯಾಗಿ ಕೂತಿತ್ತು.

ಮುಟ್ಟದಿರಲು ಕಾರಣ ನನ್ನ ಕುತ್ತಿಗೆ. ದೋಹಾದ ಇಗರ್ಜಿಯ ಕೊಂಕಣಿ ಗಾಯನವೃಂದದಲ್ಲಿ ವರ್ಷಗಟ್ಟಲೆ ಮುಂದಿನ ಸಾಲಿನಲ್ಲಿ ನಿಂತು ಹಾಡಿದವನು ನಾನು, ಹಬ್ಬದ ಪೂಜೆಗಳಲ್ಲಿ ಒಂಟಿಯಾಗಿ ಹಾಡುವ ಚರಣ ನನ್ನದೇ ಎಂದು ಯಾರೂ ಕೇಳದೆಯೇ ನಿರ್ಧಾರವಾಗಿರುತ್ತಿತ್ತು. ಆಮೇಲೆ ಥೈರಾಯ್ಡಿನಲ್ಲಿ ಒಂದು ಗಂಟು ಬಂತು, ಅದು ಸ್ವರದ ನರವನ್ನೇ ತಬ್ಬಿಕೊಂಡಿತ್ತು. ಹೀಗಾಗಬಹುದೆಂದು ವೈದ್ಯರು ಆಪರೇಷನ್ನಿಗೆ ಮೊದಲೇ ಹೇಳಿದ್ದರಿಂದ ಯಾರನ್ನೂ ದೂರುವಂತಿಲ್ಲ; ಜೀವ ಉಳಿಯಿತು, ಸ್ವರ ಹೋಯಿತು. ಈಗ ಉಳಿದಿರುವುದು ಗಾಳಿ ಹೆಚ್ಚಾಗಿ ನಾದ ಕಡಿಮೆಯಾದ ಒಂದು ಕರಕರ. ದುಖಾನಿನ ಎಣ್ಣೆ ಕಂಪನಿಯ ಸ್ಟೋರ್ಸ್ ವಿಭಾಗದಲ್ಲಿ ಇಷ್ಟು ಧಾರಾಳ ಸಾಕು, ಪೈಪು ವಾಲ್ವುಗಳಿಗೆ ಇಂಪಾದ ಕಂಠವೇನೂ ಬೇಕಿಲ್ಲ. ಆದರೆ ದೇವರ ಮುಂದೆ ಈ ಸ್ವರ ತೆಗೆಯಲು ನನಗೆ ನಾಚಿಕೆ. ಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ತುಟಿ ಮಾತ್ರ ಆಡಿಸುತ್ತಿದ್ದೆ, ಬರಬರುತ್ತ ಅದನ್ನೂ ಬಿಟ್ಟಿದ್ದೆ.

ಇಲ್ಲಿ ವಾರದ ರಜೆ ಶುಕ್ರವಾರ, ಅದೇ ನಮಗೆ ಭಾನುವಾರ. ದುಖಾನಿನಿಂದ ದೋಹಾದ ಇಗರ್ಜಿಗೆ ದಾರಿ ಉದ್ದ, ಎರಡೂ ಕಡೆ ಮಣ್ಣುಬಣ್ಣದ ಬಯಲು, ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದ್ದರಿಂದ ನಮ್ಮ ಮನೆಯವರು ಆ ದಾರಿಯಲ್ಲಿ ಜಪಸರ ಹೇಳುತ್ತೇವೆ. ನಮೋ ಮರಿಯೆ ಎಂಬ ಮಾತೆ ಮರಿಯಳ ಪ್ರಾರ್ಥನೆಯನ್ನು ಹತ್ತು ಹತ್ತು ಸಲದಂತೆ ಐದು ಸುತ್ತು ಹೇಳುವುದು ಅದು, ಒಂದು ಸುತ್ತಿಗೆ ಒಂದು ಹತ್ತು ಎನ್ನುತ್ತೇವೆ. ಪ್ರತಿ ಹತ್ತಿಗೂ ಒಬ್ಬರು ಮುಂದಾಳು, ಅವರು ಅರ್ಧ ಹೇಳಿದರೆ ಉಳಿದವರು ಒಟ್ಟಾಗಿ ಇನ್ನರ್ಧ ಮುಗಿಸಬೇಕು. ಮೊದಲನೆಯದು ಹೆಂಡತಿ ಜೆಸಿಂತಾಳದು, ಕಾಲೊನಿಯ ಗೇಟು ದಾಟಿದ ಕೂಡಲೇ ಶುರು. ಮೂರನೆಯದು ನನ್ನದು, ಶಹಾನಿಯಾ ಊರಿನ ಓಟದ ಒಂಟೆಗಳು ರಸ್ತೆಯ ಪಕ್ಕ ಸಾಲಾಗಿ ಕಾಣಿಸುವ ಕಡೆ. ಆಪರೇಷನ್ ಆದ ಮೇಲೆ ಒಂಟೆಗಳು ಕಂಡೊಡನೆ ಮಗಳು ಶರಲ್ ಏನೂ ಹೇಳದೆ ನನ್ನ ಹತ್ತನ್ನೂ ತಾನೇ ಹೇಳಿಬಿಡುತ್ತಿದ್ದಳು. ಅವಳು ನನ್ನ ಮಾನ ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಇನ್ನಷ್ಟು ಸಂಕಟವಾಗುತ್ತಿತ್ತು.

ಆ ಶುಕ್ರವಾರ ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ನನ್ನ ತಾಯಿಯೂ ಕಾರಿನಲ್ಲಿದ್ದರು. ನಾವು ಕರೆಯುವುದು ಮಾಂಯ್ ಎಂದು. ಗೇಟು ದಾಟುತ್ತಿದ್ದಂತೆ ಶರಲಳ ಫೋನು ತಾನಾಗಿಯೇ ಕಾರಿನ ಸ್ಪೀಕರಿಗೆ ಕೂಡಿಕೊಂಡು, ಅವಳು ಕೇಳುತ್ತಿದ್ದುದನ್ನು ನಮಗೆಲ್ಲ ಬಡಿಸತೊಡಗಿತು. ಗಂಡಸರ ಒಂದು ಮೇಳ, ಕಲ್ಲಿನ ಕಟ್ಟಡದೊಳಗೆ ನಿಂತಂತೆ, ವಾದ್ಯವಿಲ್ಲದೆ, ಲ್ಯಾಟಿನ್ನಿನಲ್ಲಿ, ನಿಧಾನವಾಗಿ ಏರಿಳಿಯುತ್ತಿತ್ತು. ಮಾಂಯ್ ಚಿಕ್ಕವರಿದ್ದಾಗ ಪೂಜೆ ಲ್ಯಾಟಿನ್ನಿನಲ್ಲೇ ಆಗುತ್ತಿತ್ತು. ಅವರು ತಲೆಯ ಮೇಲೆ ಸೆರಗು ಹೊದ್ದು, ಶಿಲುಬೆಯ ಗುರುತು ಹಾಕಿ, ಕಣ್ಣುಮುಚ್ಚಿ, ಆ ಕಾಲದಲ್ಲಿ ಬಾಯಿಪಾಠ ಮಾಡಿದ್ದ ಉತ್ತರಗಳನ್ನು ಹಾಡಿನ ನಡುವೆ ಸೇರಿಸತೊಡಗಿದರು. ಶರಲಳ ಮುಖ ಬಿಳಿಚಿತು. ಅಜ್ಜಿ ಪ್ರಾರ್ಥನೆಯಲ್ಲಿರುವಾಗ ನಡುವೆ ಬಾಯಿ ಹಾಕುವುದು ನಮ್ಮಲ್ಲಿ ಆಗದ ಕೆಲಸ. ಹಾಗಾಗಿ ಮುಂದೇನು ಬರುವುದೆಂದು ಗೊತ್ತಿದ್ದ ಒಬ್ಬಳೇ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ಕೂತಳು.

ಬಂತು. ಗಿಟಾರುಗಳೋ ಡ್ರಮ್ಮುಗಳೋ ತಿಳಿಯದ ಹಾಗೆ ಎಲ್ಲ ಒಟ್ಟಿಗೆ ನುಗ್ಗಿ, ಮರಳು ಹೊತ್ತ ಶಮಾಲ್ ಗಾಳಿ ಕಾರಿನ ಒಳಗೇ ಎದ್ದಂತಾಯಿತು. ಅದರ ಮೇಲೊಂದು ಮನುಷ್ಯ ಕಂಠ, ಗಂಟಲನ್ನು ಉದ್ದಕ್ಕೆ ಸಿಗಿದು ಹೊರಗೆಳೆದಂಥ ಕಂಠ, ಅರಚಿತು.

"ಯೇಸುವೇ! ಎಂತ ಆಯ್ತು ಇವ್ರಿಗೆ?" ಎಂದರು ಮಾಂಯ್.

"ಸಾರಿ ಅಜ್ಜಿ, ಸಾರಿ! ಪಪ್ಪಾ, ಆಫ್ ಮಾಡ್ತೇನೆ. ಇದು ಬ್ಲ್ಯಾಕ್ ಮೆಟಲ್. ಫ್ರೆಂಚ್ ಬ್ಯಾಂಡ್, ಇಬ್ರೇ ಇರುದು, ಅವ್ರ ಫಸ್ಟ್ ಆಲ್ಬಮ್. ಯಾರಿಗೂ ಗೊತ್ತೇ ಇಲ್ಲ."

"ಇರ್ಲಿ, ತೆಗಿಬೇಡ," ಎಂದೆ ನಾನು.

ಆ ಕ್ಷಣ ನನಗಾದದ್ದನ್ನು ಹೇಗೆ ಹೇಳಲಿ? ಅದು ನನ್ನ ಸ್ವರವಾಗಿತ್ತು. ಬೆಳಿಗ್ಗೆ ಎದ್ದು ಮೊದಲ ಮಾತಾಡುವಾಗ ನನ್ನ ಬಾಯಿಂದ ಬರುವ, ನಾನು ಕೆಮ್ಮಿನಲ್ಲಿ ಮುಚ್ಚಿಡುವ ಅದೇ ಕರಕರ, ಸಾವಿರ ಪಟ್ಟು ದೊಡ್ಡದಾಗಿ, ನಾಚಿಕೆಯ ಲವಲೇಶವೂ ಇಲ್ಲದೆ, ಒಂದು ಆಲ್ಬಮ್ಮಿನ ನಟ್ಟನಡುವೆ ರಾಜನ ಹಾಗೆ ನಿಂತಿತ್ತು. ಗಂಟಲಿನ ಒರಟನ್ನು ಅಡಗಿಸುವುದೇ ಹಾಡುಗಾರಿಕೆ ಎಂದು ನಂಬಿ ನಾನು ಆಯುಷ್ಯವಿಡೀ ಮೆಣಸು ಅಗಿದವನು; ನಾನು ಕಳೆದುಕೊಂಡು ಬಂದು ಬಿದ್ದ ಜಾಗಕ್ಕೆ ಈ ಪುಣ್ಯಾತ್ಮ ಸಾಧನೆ ಮಾಡಿ ಬಂದು ತಲುಪಿದ್ದ! ಗದ್ದಲಕ್ಕೆ ಕಿವಿ ಹೊಂದಿಕೊಂಡಂತೆ, ಅದರ ತಳದಲ್ಲಿ ಮೊದಲಿನ ಮೇಳದ ರಾಗವೇ ಮೆಲ್ಲಗೆ ಹರಿಯುತ್ತಿರುವುದು ಕೇಳಿಸಿತು.

ಆಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಕಾರಿನೊಳಗೆ ಕೂತು ಇಡೀ ಆಲ್ಬಮ್ಮನ್ನು ಎಷ್ಟೋ ಸಲ ಕೇಳಿದ್ದೇನೆ. ಬ್ಯಾಂಡಿನ ಹೆಸರು ಹೇಳೋಣವೆಂದರೆ ಮುಖಪುಟದಲ್ಲಿ ಅದನ್ನು ಒಣಗಿದ ಮುಳ್ಳುಕಂಟಿಯ ಹಾಗೆ ಬರೆದಿದ್ದಾರೆ, ಶರಲ್ ಓದಿ ಹೇಳಿದರೂ ನನ್ನ ನಾಲಿಗೆ ಹೊರಳುವುದಿಲ್ಲ. ಈ ಬಗೆಯ ಸಂಗೀತದವರಲ್ಲಿ ಹಲವರಿಗೆ ದೇವರೆಂದರೆ ಸಿಟ್ಟಂತೆ. ಇರಲಿ ಬಿಡಿ, ಸಿಟ್ಟಾಗುವುದಕ್ಕಾದರೂ ಹತ್ತಿರ ಹೋಗಬೇಕಲ್ಲ. ಕೊನೆಯ ಹಾಡಿನಲ್ಲಿ ಆ ಮೇಳವೂ ಈ ಅರಚಾಟವೂ ಜೊತೆಯಾಗುತ್ತವೆ, ಯಾವುದೂ ಇನ್ನೊಂದನ್ನು ಮುಚ್ಚುವುದಿಲ್ಲ. ಪದಗಳ ಅರ್ಥ ನನಗೆ ತಿಳಿಯದು, ಕೇಳಲೂ ಹೋಗಿಲ್ಲ. ಮಾಂಯ್‌ಗಾದರೂ ಲ್ಯಾಟಿನ್ನಿನ ಅರ್ಥ ಎಲ್ಲಿ ತಿಳಿದಿತ್ತು, ಹಾಗೆಂದು ಅವರ ಭಕ್ತಿಗೇನು ಕೊರತೆಯಾಯಿತೆ?

ಆ ದಿನ ಕಾರಿನಲ್ಲಿ ಮಾಂಯ್ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು.

"ಪಾಪ, ಯಾವ ತಾಯಿಯ ಮಗನೋ. ಇಷ್ಟು ಕೂಗ್ಬೇಕಾದ್ರೆ ಎಂತ ಕಷ್ಟ ಉಂಟೋ ಅವ್ನಿಗೆ," ಎಂದರು. ಅದು ಹಾಡು, ಅವರು ಹಾಗೆಯೇ ಹಾಡುವುದು ಎಂದು ಶರಲ್ ಬಿಡಿಸಿ ಹೇಳಿದಳು, ಅವರು ಕೇಳಲಿಲ್ಲ. "ಸಾಕು, ಇನ್ನು ಜಪಸರ ಹೇಳುವ. ಅವ್ನಿಗೂ ಒಂದು ಹತ್ತು ಕೊಡುವ."

ಯಾರಿಗಾದರೂ ಕಾಯಿಲೆ, ಪರೀಕ್ಷೆ, ವೀಸಾದ ತೊಂದರೆ ಇದ್ದರೆ ಒಂದು ಹತ್ತನ್ನು ಅವರ ಹೆಸರಿಗೆ ಒಪ್ಪಿಸುವುದು ನಮ್ಮ ಪದ್ಧತಿ. ಬ್ಲ್ಯಾಕ್ ಮೆಟಲ್ ಹಾಡುಗಾರನೊಬ್ಬನಿಗೆ ಅದು ಸಂದದ್ದು ಬಹುಶಃ ಭೂಮಂಡಲದಲ್ಲೇ ಮೊದಲು. ಶರಲ್ ಹಾಡು ನಿಲ್ಲಿಸಿದಳು. ಜೆಸಿಂತಾ ತನ್ನ ಹತ್ತು ಮುಗಿಸಿದಳು, ಶರಲ್ ತನ್ನದು ಮುಗಿಸಿದಳು. ಒಂಟೆಗಳು ಕಂಡವು. ಶರಲ್ ಎಂದಿನಂತೆ ನನ್ನ ಹತ್ತನ್ನು ಎತ್ತಿಕೊಳ್ಳಲು ಬಾಯಿ ತೆರೆದಳು. ಹಿಂದಿನಿಂದ ಮಾಂಯ್ ನನ್ನ ಭುಜ ಮುಟ್ಟಿದರು.

"ಇದು ಆ ಫ್ರಾನ್ಸಿನವ್ನಿಗೆ. ಪುತಾ, ನೀನು ಹೇಳು."

ಜೆಸಿಂತಾ ಕಿಟಕಿಯ ಕಡೆ ತಿರುಗಿದಳು. ನನಗೆ ಹೆದರಿಕೆಯಾಯಿತು, ತಾಯಿಯ ಮುಂದೆ ಅಳು ಬಂದೀತೆಂದು ಇನ್ನೂ ಹೆಚ್ಚು ಹೆದರಿಕೆಯಾಯಿತು. ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ಬಾಯಿ ತೆರೆದೆ. ಕೆಮ್ಮಲಿಲ್ಲ, ಪಿಸುಗುಟ್ಟಲಿಲ್ಲ, ನಮೋ ಮರಿಯೆ ಎಂದು, ಇದ್ದ ಸ್ವರದಲ್ಲಿ, ಇದ್ದ ಹಾಗೆ ಹೇಳಿದೆ. ಅದು ಒಡೆಯಿತು, ಸೀಳಿತು, ಕೊನೆಯ ಪದದಲ್ಲಿ ಬರೀ ಗಾಳಿಯಾಯಿತು. ಯಾರಾದರೂ ಅಯ್ಯೋ ಎನ್ನುವರೆಂದು ಕಾದೆ.

"ಜೋರಾಗಿ ಹೇಳು," ಎಂದರು ಮಾಂಯ್, "ಹಿಂದೆ ಕೇಳುದಿಲ್ಲ."

ಶರಲ್ ಫಕ್ಕನೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ನಾನು ಜೋರಾಗಿ ಹೇಳಿದೆ. ಮೂವರೂ ಉತ್ತರ ಕೊಟ್ಟರು. ಹತ್ತೂ ಮುಗಿಯುವ ಹೊತ್ತಿಗೆ ಒಂಟೆಗಳು ಎಲ್ಲೋ ಹಿಂದೆ ಉಳಿದಿದ್ದವು, ನನ್ನ ಗಂಟಲು ಉರಿಯುತ್ತಿತ್ತು, ಮತ್ತು ನಾನು ಸುಖವಾಗಿದ್ದೆ.

ಆಮೇಲೆ ಗೂಡಿನಿಂದ ಆ ಡಬ್ಬಿ ತೆಗೆದು ಹಿಂದಕ್ಕೆ ದಾಟಿಸಿದೆ. ಮಾಂಯ್ ಸೀಟಿನ ಬೆಲ್ಟಿನ ಕೊಂಡಿಯಿಂದ ಕುಟ್ಟಿ ಆ ಗಟ್ಟಿಯನ್ನು ಒಡೆದು ಒಂದೊಂದು ಚೂರನ್ನು ಜೆಸಿಂತಾಳಿಗೂ ಶರಲಳಿಗೂ ಹಂಚಿದರು, ತಾವೂ ಒಂದನ್ನು ಬಾಯಿಗೆ ಹಾಕಿಕೊಂಡರು. ನನಗೂ ಒಂದು ಚಾಚಿದಾಗ ಬೇಡವೆಂದೆ. ಉತ್ತರ ಕೊಡುವವರ ಗಂಟಲೂ ಒಣಗುತ್ತದಲ್ಲ, ಅವರಿಗಿರಲಿ.