ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಭಂಡಾರ

ನಮ್ಮ ಮೊಮ್ಮಗಳಿಗೆ ನೌಕರಿ ಸಿಕ್ಕಿತು! ಸೇತುವೆ ಕಟ್ಟುವ ಕಂಪನಿಯಲ್ಲಿ ಇಂಜಿನಿಯರ್. ಪುಣೆಯ ಯೆರವಡಾದ ನಮ್ಮ ಓಣಿಯಲ್ಲಿ ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ ಹೇಳಿ ಬಂದೆ. ಎಮ್ಮೆ ಎದುರಾಗಿದ್ದರೆ ಅದಕ್ಕೂ ಹೇಳುತ್ತಿದ್ದೆ. ಅವಳಪ್ಪ, ಅಂದರೆ ನನ್ನ ಮಗ, ಗೌಂಡಿ. ಗೋಡೆ ಕಟ್ಟುವವನ ಮಗಳು ಇನ್ನು ಸೇತುವೆ ಕಟ್ಟುತ್ತಾಳೆ. ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು, ಬರೆಯುವುದರಲ್ಲಿ ತಪ್ಪಾದರೆ ಸಂತೋಷದ ಅವಸರ ಅಂದುಕೊಳ್ಳಿ.

ಆದರೆ ಈ ನೌಕರಿ ಕೈತಪ್ಪುವುದರಲ್ಲಿತ್ತು. ಸಂದರ್ಶನ ಮನೆಯಿಂದಲೇ, ಲ್ಯಾಪ್‌ಟಾಪಿನಲ್ಲಿ. ತಾನು ಮಾಡಿದ ನಕ್ಷೆ ತೆರೆದು ತೋರಿಸಬೇಕು, ಫೋನಿನಲ್ಲಿ ಅದು ಆಗುವುದಿಲ್ಲ. ಬೆಳಗಾದರೆ ಸಂದರ್ಶನ ಅನ್ನುವಾಗ ಲ್ಯಾಪ್‌ಟಾಪು ರೊಟ್ಟಿಯ ಹಂಚಿನಂತೆ ಕಾಯತೊಡಗಿತು. ನಕ್ಷೆ ತೆರೆದರೆ ಸಾಕು, ಏದುಸಿರು ಬಿಟ್ಟು ಕಣ್ಣು ಮುಚ್ಚಿಬಿಡುತ್ತಿತ್ತು. ಶಿವಾಜಿನಗರದ ರಿಪೇರಿ ಅಂಗಡಿಯವನು ಇಟ್ಟು ಹೋಗು, ನಾಳೆ ಸಂಜೆ ನೋಡೋಣ ಅಂದನಂತೆ. ಹುಡುಗಿ ಅದನ್ನು ಎದೆಗವಚಿಕೊಂಡು ವಾಪಸು ಬಂದಳು.

ಮನೆಮಂದಿಯೆಲ್ಲ ವೈದ್ಯರಾದೆವು. ಅಡಿಯಲ್ಲಿ ಗಾಳಿ ಆಡಲಿ ಎಂದು ಸೊಸೆ ಎರಡು ಲಟ್ಟಣಿಗೆಗಳ ಮೇಲೆ ಕೂರಿಸಿದಳು. ಅದು ಚಕ್ಕಡಿಯಂತೆ ಉರುಳಿ ಹೊರಟಿತು. ನಾನು ಒದ್ದೆ ಬಟ್ಟೆ ತಂದೆ.

"ಆಯಿ, ಅದಕ್ಕೇನು ಜ್ವರ ಬಂದದೇನು? ನೀರು ತಾಕಿದ್ರ ಸತ್ತೇ ಹೋಗ್ತದ!" ಎಂದು ಮೊಮ್ಮಗಳು ಕಿರುಚಿದಳು.

ಯಜಮಾನರು ಟೇಬಲ್ ಫ್ಯಾನು ತಿರುಗಿಸಿದರು. ಲ್ಯಾಪ್‌ಟಾಪು ಸ್ವಲ್ಪ ಹೊತ್ತು ಬದುಕಿ ಮತ್ತೆ ಆರಿತು.

ಕೊನೆಗೆ ಅವಳೇ ಧೈರ್ಯ ಮಾಡಿ ಸ್ಕ್ರೂ ಬಿಚ್ಚಿ ಅಡಿಯ ಮುಚ್ಚಳ ಎತ್ತಿದಳು. ನಾವೆಲ್ಲ ಬಗ್ಗಿ ನೋಡಿದೆವು. ಒಳಗಿನ ಪುಟ್ಟ ಫ್ಯಾನು ಅರಿಶಿನ ಹಚ್ಚಿದ ಮದುಮಗನ ಹಾಗೆ ಕೂತಿತ್ತು!

ನಮ್ಮ ಮನೆಯಲ್ಲೊಂದು ಪದ್ಧತಿ. ಅನ್ನ ಕೊಡುವ ವಸ್ತುವಿಗೆಲ್ಲ ಭಾನುವಾರ ಜೇಜುರಿಯ ಖಂಡೋಬಾ ದೇವರ ಭಂಡಾರ, ಅಂದರೆ ಅರಿಶಿನ ಪುಡಿ, ಏರಿಸಬೇಕು. ಮಗನ ಕರಣೆಗೆ, ಸೊಸೆಯ ಹೊಲಿಗೆ ಯಂತ್ರಕ್ಕೆ, ಲ್ಯಾಪ್‌ಟಾಪಿಗೂ. ಯಜಮಾನರಿಗೆ ಚಿಟಿಕೆ ಗೊತ್ತಿಲ್ಲ, ಮುಷ್ಟಿಯೇ ಗೊತ್ತು. ಓದುವ ಹುಡುಗಿಯದು ಅಂತ ಅದಕ್ಕೆ ಒಂದು ಮುಷ್ಟಿ ಹೆಚ್ಚಿಗೆ.

ಮೊಮ್ಮಗಳು ಅಜ್ಜನ ಕಡೆ ತಿರುಗಿದಳು. "ಮುತ್ಯಾ, ಗಾಳಿ ಆಡೂ ದಾರಿನೇ ಮುಚ್ಚೀದಿಯಲ್ಲೋ!"

"ನಾ ಎಲ್ಲಿ ಮುಚ್ಚೇನವಾ? ಖಂಡೋಬಾ ತಾನ ಒಳಗ ಹೋಗ್ಯಾನ."

"ಹೋದಾಂವ ಕಿಟಕಿನೂ ಹಾಕ್ಕೊಂಡು ಕುಂತಾನ!"

ಮಗ ಬಣ್ಣ ಬಳಿಯುವ ಹೊಸ ಬ್ರಶ್ ತಂದುಕೊಟ್ಟ. ಅವಳು ಮೆಲ್ಲಗೆ ಕೊಡವುತ್ತಿದ್ದರೆ, ಭಂಡಾರ ನೆಲಕ್ಕೆ ಬೀಳಬಾರದೆಂದು ಯಜಮಾನರು ತಾಟು ಹಿಡಿದು ಕೂತರು.

"ಅತ್ತಿ, ಇಷ್ಟರಾಗ ನಮ್ಮ ವಾರದ ಸಾರು ಆಗ್ತಿತ್ತು," ಎಂದು ಸೊಸೆ ಪಿಸುಗುಟ್ಟಿದಳು.

"ಗಪ್ ಕೂಡು, ಮಾವಗ ಕೇಳ್ತದ!" ಅಂದೆ, ನಗು ಮಾತ್ರ ನನಗೂ ತಡೆಯಲಿಲ್ಲ.

ಮುಚ್ಚಳ ಹಾಕಿ ನಕ್ಷೆ ತೆರೆದಳು. ಕಾದೆವು. ಆರಲಿಲ್ಲ. ಕೈ ಇಟ್ಟು ನೋಡಿದರೆ ಹಾಲು ಕುಡಿದು ಮಲಗಿದ ಕೂಸಿನ ಹೊಟ್ಟೆಯಷ್ಟೇ ಬೆಚ್ಚಗಿತ್ತು.

ಸಂದರ್ಶನದ ಹೊತ್ತಿಗೆ ನಾವೆಲ್ಲ ಬಾಗಿಲಾಚೆ. ಒಳಗೆ ಫ್ಯಾನು ಗುರ್ ಅಂದಾಗಲೆಲ್ಲ ಯಜಮಾನರು ನನ್ನ ಕೈ ಹಿಂಡುತ್ತಿದ್ದರು. ಕೊನೆತನಕ ಅವಳ ಮಾತೂ ನಿಲ್ಲಲಿಲ್ಲ, ಲ್ಯಾಪ್‌ಟಾಪೂ ನಿಲ್ಲಲಿಲ್ಲ.

ಇವತ್ತು ಮಧ್ಯಾಹ್ನ ಕಂಪನಿಯ ಫೋನು ಬಂತು. ಸಂಜೆ ಮಗ ಕೆಲಸದಿಂದ ಬಂದು ಸಿಮೆಂಟಿನ ಕೈ ತೊಳೆದ ಮೇಲೆ, ಮೊಮ್ಮಗಳನ್ನು ನಡುವೆ ಕೂರಿಸಿಕೊಂಡು ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಅವಳ ತಾಟಿಗೆ ಇನ್ನೊಂದು ಹೋಳಿಗೆ ಹಾಕಲು ಹೋದೆ.

"ಸಾಕು ಆಯಿ, ಹೊಟ್ಟಿ ಒಡೀತದ!"

ಮಗ ತನ್ನ ತಾಟು ಮುಂದೆ ಸರಿಸಿದ. "ಇಂಜಿನಿಯರ್ ಸಾಹೇಬ್ರು ಬ್ಯಾಡಂದ್ರ ಗೌಂಡಿಗೆ ಹಾಕವಾ."

ಇಬ್ಬರಿಗೂ ಹಾಕಿದೆ, ಮೇಲೆ ತುಪ್ಪ ಸುರಿದೆ.