ತಿಯೋಪಿಸ್ಟಾಳ ಹೊಟ್ಟೆಯ ನೀರು

ನ್ಯೆಂಡೋ ಮಾರುಕಟ್ಟೆಯಲ್ಲಿ ತಿಯೋಪಿಸ್ಟಾಳ ಬಾಯಿಗೆ ಬೀಳದೆ ಉಳಿದವರಿಲ್ಲ. ಇಪ್ಪತ್ತೆಂಟು ವರ್ಷ ಆಡಿನ ಬೋಟಿ ತೊಳೆದು, ಬೇಯಿಸಿ, ಹಿಸುಕಿದ ಬಾಳೆಕಾಯಿಯ ಜೊತೆ ಬಡಿಸಿದವಳು ಅವಳು. ಮಸಾಕಾ ಪಟ್ಟಣ ದಾಟುವ ಲಾರಿಯವರು ಅವಳ ಸಾರಿಗೆಂದೇ ಗಾಡಿ ನಿಲ್ಲಿಸಿ, ಸಾರಿನ ಜೊತೆ ನಾಲ್ಕು ಬೈಗುಳವನ್ನೂ ತಿಂದು ಹೋಗುತ್ತಿದ್ದರು. ಅವಳ ಕಣ್ಣಿಗೆ ಜನರೆಲ್ಲ ಎರಡೇ ಜಾತಿ: ಕಳ್ಳರು, ಹೆಡ್ಡರು. ಹೆಡ್ಡರಲ್ಲಿ ಮೊದಲನೆಯವಳು ಸವತಿ ಯೂನಿಯಾ. ಗಂಡ ಸತ್ತ ಮೇಲೂ ಅದೇ ಅಂಗಳದ ಇನ್ನೊಂದು ಕೋಣೆಯಲ್ಲಿ ಉಳಿದು, ಗುಡಿಸಿ ಒರೆಸಿಕೊಂಡು, ಹತ್ತೊಂಬತ್ತು ವರ್ಷ ಎದುರು ಮಾತಾಡದೆ ಬದುಕಿದವಳು.

ಐವತ್ತಾರಕ್ಕೆ ತಿಯೋಪಿಸ್ಟಾಳ ಹೊಟ್ಟೆ ಉಬ್ಬತೊಡಗಿತು. ಲಂಗದ ಕೊಕ್ಕೆ ಕೂಡಲೊಲ್ಲದು. ಕತ್ತಿನ ಎಲುಬು ಮಾತ್ರ ಎದ್ದು ಕಾಣುತ್ತದೆ. ಎರಡು ತುತ್ತಿಗೆ ಹೊಟ್ಟೆ ತುಂಬಿದಂತಾಗುತ್ತದೆ. ಟೊಮೇಟೊ ಮಾರುವವಳೊಬ್ಬಳು ಕಿಸಕ್ಕನೆ ನಕ್ಕು, "ಏನಕ್ಕಾ, ಈ ವಯಸ್ಸಲ್ಲಿ ಬಸುರಿ?" ಎಂದಳು.

"ಹೂಂ ಕಣೆ, ನಿನ್ನ ಗಂಡಂದೇ. ಹೋಗಿ ತೊಟ್ಟಿಲು ಕಟ್ಟು."

ಅಂಗಳದಲ್ಲಿ ಯೂನಿಯಾ ಮೆಲ್ಲಗೆ ಅಂದಳು: "ಅಕ್ಕಾ, ಆಸ್ಪತ್ರೆಗೆ ಹೋಗಿ ಬರೋಣ."

"ನೀನು ನಂಗೆ ಬುದ್ಧಿ ಹೇಳೋ ಕಾಲ ಬಂತಾ? ಗ್ಯಾಸು ಅದು. ಕೆಲ್ಸ ನೋಡು."

ಆಗ ರೇಡಿಯೋದಲ್ಲಿ ಸೆಕಬಿರಾ ಎಂಬವನ ಅಬ್ಬರ. ತನ್ನನ್ನು ತಾನೇ ಪ್ರೊಫೆಸರ್ ಎಂದು ಕರೆದುಕೊಂಡ ನಾಟಿ ವೈದ್ಯ. ಹೊಟ್ಟೆಗೆ ನೀರು ತುಂಬುವುದು ಮಾಟದಿಂದ, ತನ್ನ ಕಷಾಯ ಅದನ್ನು ಕರಗಿಸುತ್ತದೆ ಎಂದು ದಿನವೂ ಕೂಗುತ್ತಿದ್ದ. ಅವನ ಅಂಗಡಿಯೆದುರು ಸಾಲುಗಟ್ಟಿದವರನ್ನು ಕಂಡರೆ ತಿಯೋಪಿಸ್ಟಾ ಉಗುಳಿ, "ಬೇರು ಕುದಿಸಿದ ಚರಂಡಿ ನೀರಿಗೆ ಬಾಯಿ ತೆರ್ಕೊಂಡು ನಿಂತಿವೆ" ಎನ್ನುತ್ತಿದ್ದಳು.

ಹೊಟ್ಟೆ ಉಬ್ಬತೊಡಗಿದ ಎಂಟನೇ ತಿಂಗಳಲ್ಲಿ ಒಂದು ಬೆಳಗ್ಗೆ ಪಾತ್ರೆಯ ಮೇಲೆ ಬಗ್ಗಿದವಳಿಗೆ ಉಸಿರೇ ಬರಲಿಲ್ಲ. ಯೂನಿಯಾ ಅವಳನ್ನು ಬೈಕ್ ಟ್ಯಾಕ್ಸಿಯ ಮೇಲೆ ಹತ್ತಿಸಿ, ಹಿಂದೆ ತಾನು ಕೂತು, ಬೀಳದ ಹಾಗೆ ತಬ್ಬಿ ಹಿಡಿದು ಆಸ್ಪತ್ರೆ ಮುಟ್ಟಿಸಿದಳು. ಅಲ್ಲಿಂದ ರಾಜಧಾನಿ ಕಂಪಾಲಾದ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಕಂಪಾಲಾದ ವಾರ್ಡಿನಲ್ಲಿ ನೋಡಲು ಬಂದದ್ದು ಸಣಕಲು ಹುಡುಗಿಯಂಥ ಡಾಕ್ಟರು, ಹೆಸರು ಅಟುಹೈರೆ. "ಇವಳಾ? ಇವತ್ತು ಶಾಲೆಗೆ ರಜಾನಾ?" ಎಂದಳು ತಿಯೋಪಿಸ್ಟಾ. ಡಾಕ್ಟರು ಪಕ್ಕೆಗೆ ಸೂಜಿ ಹಾಕಿ, ನಳಿಕೆ ಇಳಿಬಿಟ್ಟರು. ಒಣಹುಲ್ಲಿನ ಬಣ್ಣದ ನೀರು ಸಂಜೆಯವರೆಗೆ ಇಳಿಯಿತು, ಏಳು ಲೀಟರು. ಆ ನೀರನ್ನೂ ರಕ್ತವನ್ನೂ ಪರೀಕ್ಷಿಸಿದರು, ಸ್ಕ್ಯಾನ್ ಮಾಡಿದರು. ವಾರದ ಮೇಲೆ ಡಾಕ್ಟರು ಸ್ಟೂಲು ಎಳೆದುಕೊಂಡು ಕೂತು, "ಅಮ್ಮಾ, ಒಂಥರಾ ಗಡ್ಡೆ..." ಎಂದು ಮೃದುವಾಗಿ ಶುರುಮಾಡಿದರು.

"ಬೆಣ್ಣೆ ಹಚ್ಚಬೇಡ. ದಿನಾ ಹೊಟ್ಟೆ ಸೀಳೋಳು ನಾನು. ನೆಟ್ಟಗೆ ಹೇಳು."

"ಸರಿ. ಅಂಡಾಶಯದಲ್ಲಿ ಹುಟ್ಟಿದ ಕ್ಯಾನ್ಸರು. ಹುಟ್ಟಿದ ಜಾಗದಲ್ಲೇ ಕೂರಲ್ಲ, ಉದುರುತ್ತೆ. ಕರುಳು ಜಾರಾಡೋಕೆ ಅಂತ ಹೊಟ್ಟೆಯೊಳಗೆ ಸ್ವಲ್ಪ ನೀರಿರುತ್ತಲ್ಲ, ಉದುರಿದ ಕಣ ಅದ್ರಲ್ಲೇ ತೇಲ್ಕೊಂಡು ಹೋಗಿ ಸಿಕ್ಕ ಕಡೆ ಕಚ್ಕೊಳುತ್ತೆ. ಹೊಟ್ಟೆಯ ಒಳಪೊರೆಗೆ, ಕರುಳ ಮೈಗೆ, ಕರುಳ ಮುಂದೆ ಜೋತಾಡೋ ಕೊಬ್ಬಿನ ಪರದೆಗೆ. ಕಚ್ಚಿದಲ್ಲೆಲ್ಲ ನೀರು ಒಸರುತ್ತೆ, ಅದು ಇಂಗೋ ದಾರಿನೂ ಮುಚ್ಚುತ್ತೆ."

ಆ ಪರದೆ ತಿಯೋಪಿಸ್ಟಾಳಿಗೆ ಹೊಸದಲ್ಲ. ಆಡಿನ ಹೊಟ್ಟೆಯಿಂದ ಎರಡೇ ಬೆರಳಲ್ಲಿ ಹರಿಯದಂತೆ ಎತ್ತಿದ ಸಾವಿರಾರು ಪರದೆಗಳು ಕಣ್ಮುಂದೆ ಬಂದವು. ಅಪರೂಪಕ್ಕೆ ಒಂದರಲ್ಲಿ ರಾಗಿಕಾಳು ಚೆಲ್ಲಿದ ಹಾಗೆ ಬಿಳಿ ಹರಳು ಕಾಣುವುದುಂಟು.

"ಅಂಥ ಆಡನ್ನ ನಾನು ಗುಂಡಿಗೆ ಹಾಕ್ತೀನಿ" ಎಂದಳು.

"ನಿಮ್ಮನ್ನ ಹಾಕೋ ಹಾಗಿದ್ರೆ ಒಂದು ವಾರದಿಂದ ನಿಮ್ಮ ಬೈಗುಳ ಯಾಕೆ ಕೇಳ್ತಿದ್ದೆ?"

ಉತ್ತರ ಅವಳಿಗೆ ಹಿಡಿಸಿತು. ತೋರಿಸಿಕೊಳ್ಳಲಿಲ್ಲ.

ಡಾಕ್ಟರು ಮುಂದಿನದನ್ನು ಹೇಳಿದರು. ಈಗಲೇ ಕುಯ್ದರೆ ಎಲ್ಲವನ್ನೂ ತೆಗೆಯಲಾಗದು. ಮೂರು ವಾರಕ್ಕೊಮ್ಮೆಯಂತೆ ಮೂರು ಸಲ ರಕ್ತನಾಳಕ್ಕೆ ಔಷಧಿ ಹರಿಸಿ ರೋಗ ಕುಗ್ಗಿಸುವುದು, ಆಮೇಲೆ ಆಪರೇಷನ್, ಮತ್ತೆ ಮೂರು ಸಲ ಔಷಧಿ. ಕೆಲವರಿಗೆ ಪೂರ್ತಿ ವಾಸಿ. ಬಹಳ ಜನಕ್ಕೆ ತಿರುಗಿ ಬರುತ್ತದೆ, ಆದರೆ ನಡುವೆ ಒಳ್ಳೆಯ ಕಾಲ ಸಿಗುತ್ತದೆ. "ಬೇರೆ ಏನಾದ್ರೂ ಔಷಧಿ ಕುಡಿದಿದೀರಾ? ಕಿಡ್ನಿ ಹೇಗಿದೆ ನೋಡ್ಬೇಕು."

"ಇಲ್ಲ."

"ಸುಳ್ಳು ಡಾಕ್ಟ್ರೇ" ಎಂದಳು ಮೂಲೆಯಲ್ಲಿದ್ದ ಯೂನಿಯಾ. "ಸೆಕಬಿರಾನ ಕಷಾಯ, ನಾಲ್ಕು ತಿಂಗಳಿಂದ. ಮಂಚದ ಕೆಳಗೆ ಇಪ್ಪತ್ತಮೂರು ಬಾಟ್ಲಿ ಇದೆ. ಯಾರಿಗೂ ಗೊತ್ತಾಗ್ಬಾರ್ದು ಅಂತ ಲಾರಿಯವರ ಕೈಲಿ ಲುಕಾಯಾದಲ್ಲಿರೋ ಅವನ ಇನ್ನೊಂದು ಅಂಗಡಿಯಿಂದ ತರಿಸ್ತಾರೆ."

"ನನ್ನ ಮಂಚದ ಕೆಳಗೆ ಬಗ್ಗಿ ನೋಡ್ತೀಯೇನೇ?"

"ಗುಡಿಸೋಳು ನಾನೇ ಅಲ್ವಾ?"

ತಿಯೋಪಿಸ್ಟಾ ಗೋಡೆಯ ಕಡೆ ಹೊರಳಿದಳು. ರೋಗದ ಹೆಸರು ಕೇಳಿದಾಗ ಆಗದ ಅವಮಾನ ಈಗ ಆಯಿತು. ಊರಿನವರನ್ನೆಲ್ಲ ಹೆಡ್ಡರೆಂದವಳು, ಅವರು ಬಹಿರಂಗವಾಗಿ ಕುಡಿದದ್ದನ್ನು ಕದ್ದು ಕುಡಿದಿದ್ದಳು.

ಪುಣ್ಯಕ್ಕೆ ಕಿಡ್ನಿ ತಡೆದುಕೊಂಡಿತ್ತು. ಔಷಧಿ ಶುರುವಾಯಿತು. ಕೂದಲು ಹಿಡಿ ಹಿಡಿಯಾಗಿ ದಿಂಬಿಗೆ ಅಂಟಿತು, ಅಂಗಾಲು ಮರಗಟ್ಟಿತು, ನೀರು ಕುಡಿದರೂ ವಾಂತಿ. ಬೇಸಿನ್ನು ಹಿಡಿದವಳು ಯೂನಿಯಾ, ಬಟ್ಟೆ ಒಗೆದವಳು ಅವಳೇ. ಆದರೂ ತಿಯೋಪಿಸ್ಟಾಳ ಬಾಯಿ ಸುಮ್ಮನಿರಲಿಲ್ಲ.

"ಗಂಜಿನಾ ಇದು? ಅಂಟು ಕಾಯಿಸಿದೀಯ."

"ಹಾಗಾದ್ರೆ ಗೋಡೆಗೆ ಬಳ್ಕೊ" ಎಂದಳು ಯೂನಿಯಾ. ಪಕ್ಕದ ಹಾಸಿಗೆಯವರು ನಕ್ಕರು. ತಿಯೋಪಿಸ್ಟಾ ಸವತಿಯ ಮುಖವನ್ನು ದುರುಗುಟ್ಟಿ ನೋಡಿ, ಗಂಜಿ ಕುಡಿದಳು.

ಆಪರೇಷನ್ ಐದು ಗಂಟೆ ಹಿಡಿಯಿತು. ಗರ್ಭಕೋಶ, ಎರಡೂ ಅಂಡಾಶಯ, ಕೊಬ್ಬಿನ ಪರದೆ ತೆಗೆದು, ಒಳಪೊರೆಯ ಮೇಲೆ ಕಣ್ಣಿಗೆ ಕಂಡ ಹರಳನ್ನೆಲ್ಲ ಹೆರೆದು ಹಾಕಿದರು. ಎಚ್ಚರವಾದ ಮೇಲೆ ಅವಳು ಮೊದಲು ಕೇಳಿದ್ದು, "ನನ್ನ ಪರದೆ ಎಲ್ಲಿ?"

"ಲ್ಯಾಬಿಗೆ ಕಳಿಸಿದೀವಿ."

"ತೋರಿಸ್ಬೇಕಿತ್ತು. ನಿಮಗೆ ಬಿಡಿಸೋಕೆ ಬರುತ್ತೋ ಇಲ್ವೋ ನೋಡ್ತಿದ್ದೆ."

ಕೊನೆಯ ಔಷಧಿಯೂ ಮುಗಿದು ಊರಿಗೆ ಬಂದು ತಿಂಗಳಾಗಿರಲಿಲ್ಲ. ಒಂದು ಶನಿವಾರ ಸೆಕಬಿರಾನ ವ್ಯಾನು ಮಾರುಕಟ್ಟೆಗೆ ಬಂತು. ಧ್ವನಿವರ್ಧಕದಲ್ಲಿ ಅವನ ಗಂಟಲು: "ನಿಮ್ಮೂರಿನ ಬೋಟಿ ಮಾರೋ ಹೆಂಗಸನ್ನೇ ಕೇಳಿ! ಹೊಟ್ಟೆ ಹರವಿ ಥರ ಉಬ್ಬಿತ್ತು. ಯಾರ ಔಷಧಿಯಿಂದ ಇಳೀತು?"

ಯಾವನೋ ಲಾರಿಯವನು ಗುಟ್ಟು ಬಿಟ್ಟುಕೊಟ್ಟಿದ್ದ. ಸುಮ್ಮನಿದ್ದರೆ ಅವನು ಗೆಲ್ಲುತ್ತಾನೆ. ಬಾಯಿಬಿಟ್ಟರೆ ತಾನು ಕುಡಿದದ್ದು ಊರಿಗೆಲ್ಲ ತಿಳಿಯುತ್ತದೆ. ತಿಯೋಪಿಸ್ಟಾ ಸೌಟು ಇಟ್ಟು, ತಲೆವಸ್ತ್ರ ಕಿತ್ತೆಸೆದು, ಬೋಳುತಲೆಯಲ್ಲಿ ಜನರ ನಡುವೆ ನುಗ್ಗಿದಳು.

"ಕುಡಿದೆ ಕಣೋ! ನಾಲ್ಕು ತಿಂಗಳು ಕದ್ದು ಕುಡಿದೆ. ಏನೂ ಇಳೀಲಿಲ್ಲ, ಏರ್ತು. ಇಳಿಸಿದ್ದು ಸೂಜಿ, ತೆಗೆದಿದ್ದು ಕತ್ತಿ." ರವಿಕೆ ಎತ್ತಿ ಹೊಟ್ಟೆಯುದ್ದದ ಗಾಯದ ಗುರುತು ತೋರಿಸಿದಳು. "ನೀನು ಕಳ್ಳ, ನಾನು ಹೆಡ್ಡಿ. ಇನ್ನೂ ಯಾರಾದ್ರೂ ಹೆಡ್ಡರು ಇದ್ರೆ ಮುಂದೆ ಬನ್ರೇ, ಮುಖ ನೋಡ್ತೀನಿ!"

ಅವನು "ಹುಚ್ಚಿ, ತಲೆ ಕೆಟ್ಟಿದೆ" ಎಂದು ಮೈಕಿನಲ್ಲೇ ಗೊಣಗಿ ವ್ಯಾನು ತಿರುಗಿಸಿದ. ಮುಂದಿನ ಶನಿವಾರ ಬೇರೊಂದು ಮೂಲೆಯಲ್ಲಿ ನಿಲ್ಲಿಸಿದ, ಕೊಳ್ಳುವವರು ಕೊಂಡರು. ತಿಯೋಪಿಸ್ಟಾಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಆದರೆ ಆ ವರ್ಷ ಹೊಟ್ಟೆ ಉಬ್ಬಿದ ಮೂವರು ಹೆಂಗಸರು ತಲೆ ತಗ್ಗಿಸಿಕೊಂಡು ಅವಳ ಅಂಗಡಿಗೆ ಬಂದರು. ಮೂವರನ್ನೂ ಬಾಯಿಗೆ ಬಂದಂತೆ ಬೈದು, ಬಸ್ಸು ಹತ್ತಿಸಿ, ಅಟುಹೈರೆಯ ಮುಂದೆ ಕೂರಿಸಿ ಬಂದಳು. ಒಬ್ಬಳದು ಕ್ಯಾನ್ಸರಲ್ಲ, ಬರೀ ನೀರುಗುಳ್ಳೆ ಎಂದು ತಿಳಿದಾಗ, "ಇಷ್ಟಕ್ಕೆ ಅಷ್ಟು ಅತ್ತಿದ್ಯಾ?" ಎಂದು ಇನ್ನೊಮ್ಮೆ ಬೈದಳು.

ಕೊನೆಯ ಔಷಧಿ ಮುಗಿದ ಹದಿನಾಲ್ಕು ತಿಂಗಳಿಗೆ ಅವಳ ಹೊಟ್ಟೆಯಲ್ಲಿ ಮತ್ತೆ ನೀರು ಸೇರಿತು. ಈ ಸಲ ನಾಲ್ಕನೇ ದಿನಕ್ಕೇ ಕಂಪಾಲಾದಲ್ಲಿದ್ದಳು. ಬೇರೆ ಔಷಧಿ ಕೊಟ್ಟರು. ಅದು ಒಂಬತ್ತು ತಿಂಗಳು ರೋಗವನ್ನು ಹಿಡಿದು ನಿಲ್ಲಿಸಿತು. ಆಮೇಲೆ ಕರುಳು ಅಲ್ಲಲ್ಲಿ ಅಂಟಿಕೊಂಡು ಕಟ್ಟಿತು, ಮತ್ತೆ ಕುಯ್ದರೆ ಪ್ರಯೋಜನವಿಲ್ಲ ಎಂದರು. ಮನೆಯಲ್ಲಿ ನಾಲ್ಕು ಗಂಟೆಗೊಮ್ಮೆ ನೋವಿನ ಮಾರ್ಫಿನ್ ನೀರನ್ನು ಅಳೆದು ತುಟಿಗೆ ಹಿಡಿದವಳು ಯೂನಿಯಾ. "ಕೈ ನಡುಗಿಸ್ಬೇಡ, ಹೆಡ್ಡಿ" ಎಂದದ್ದು ತಿಯೋಪಿಸ್ಟಾಳ ಕಡೆಯ ಮಾತುಗಳಲ್ಲಿ ಒಂದು.

ಮಣ್ಣು ಮಾಡುವ ದಿನ ಬಾಳೆತೋಟದ ಬದಿಯಲ್ಲಿ ಟೊಮೇಟೊ ಮಾರುವವಳು ಊಟದ ತಟ್ಟೆ ಹಿಡಿದು ಪಕ್ಕದವಳ ಕಿವಿಯಲ್ಲಿ, "ಬಾಯಿ ಜೋರಿತ್ತು, ಅದಕ್ಕೇ ದೇವರು..." ಎಂದು ಪಿಸುಗುಟ್ಟುತ್ತಿದ್ದಳು. ಯೂನಿಯಾ ಕಣ್ಣೊರೆಸಿಕೊಂಡು ಎದ್ದು ಅವಳೆದುರು ನಿಂತಳು.

"ಊಟ ಮಾಡೋಕೆ ಬಂದಿದ್ರೆ ತಿಂದು ನಡಿ. ಮಾತಾಡೋಕೆ ಬಂದಿದ್ರೆ ಗಟ್ಟಿಯಾಗಿ ಆಡು, ನಾನೂ ಕೇಳ್ತೀನಿ."

ಆ ಹೆಂಗಸು ತಟ್ಟೆ ಕೆಳಗಿಟ್ಟು ಬೇಲಿ ದಾಟಿ ಹೋದಳು.