ಸೀರಿಯಸ್ ಅದಾರ, ಲಗೂ ಬಾ

ರೋಣದ ಈ ಬಾಡಿಗೆ ಮನೆಯಲ್ಲಿ ಮುಂಜಾನೆಯಿಂದ ಎಂಟನೆಯ ತರಗತಿಯ ಇಂಗ್ಲಿಷ್ ಪೇಪರು ತಿದ್ದುತ್ತ ಕೂತಿದ್ದೇನೆ. ಮಾಸ್ತರಿಕೆ ಮಾಡಿ ಮಾಡಿ ಸಾಕಾಗಿದೆ ನೋಡಿ. ಯಾವ ಉತ್ತರಕ್ಕೂ ಈಗ ನಗು ಬರುವುದಿಲ್ಲ, ಸಿಟ್ಟೂ ಬರುವುದಿಲ್ಲ. ಆದರೆ 'ಸೀರಿಯಸ್' ಪದದ ಅರ್ಥ ಬರೆಯಿರಿ ಎಂಬ ಪ್ರಶ್ನೆಗೆ ಜಕ್ಕಲಿಯ ಹುಡುಗಿಯೊಬ್ಬಳು 'ಸತ್ತಾರ' ಎಂದು ಬರೆದಿದ್ದಾಳೆ. ನನ್ನ ಕೆಂಪು ಪೆನ್ನು ಅಲ್ಲೇ ನಿಂತಿದೆ.

ನಗಬೇಡಿ. ನಿಘಂಟು ತೆಗೆದರೆ ಇದು ಲ್ಯಾಟಿನ್ನಿನಿಂದ ಬಂದ ಪದ. ತೂಕವುಳ್ಳದ್ದು, ಗಂಭೀರವಾದದ್ದು ಎಂದು ಅರ್ಥ. ಸೀರಿಯಸ್ ಮಾತು, ಸೀರಿಯಸ್ ಮನುಷ್ಯ ಎಂದೆಲ್ಲ ಪಾಠ ಮಾಡಿದವನು ನಾನೇ. ಆದರೆ ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಪರವೂರಿನವರಿಗೆ ಫೋನಿನಲ್ಲಿ ಹಾಗೆ ಹೇಳುವುದಿಲ್ಲ. ಗೋವಾದಲ್ಲಿ ದುಡಿಯುವ ಮಗ ಬಸ್ಸಿನಲ್ಲೇ ಎದೆ ಒಡೆದುಕೊಳ್ಳಬಾರದಲ್ಲ! "ಸೀರಿಯಸ್ ಅದಾರ, ಲಗೂ ಬಾ" ಎನ್ನುತ್ತೇವೆ. ಕೇಳಿದವನಿಗೂ ಗೊತ್ತಿರುತ್ತದೆ. ಊರು ಮುಟ್ಟುವ ತನಕ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಸೂಡಿಯ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ನನ್ನನ್ನು ತನ್ನ ಮನೆಯಲ್ಲಿಟ್ಟುಕೊಂಡು ಸಾಲಿ ಕಲಿಸಿದವಳು. "ನನಗ ಬೈಯೂದಿದ್ರ ಇಂಗ್ಲಿಷಿನ್ಯಾಗ ಬೈಯಪಾ, ತಿಳಿಯೂದಿಲ್ಲ, ಜಗಳಾನೂ ಇಲ್ಲ" ಎಂದು ರೇಗಿಸುತ್ತಿದ್ದಳು. ಹೋದ ವರ್ಷ ಒಂದು ಮುಂಜಾನೆ ಅವಳ ಮಗ ಫೋನು ಮಾಡಿದ.

"ಅಣ್ಣಾ, ಅವ್ವ ಸೀರಿಯಸ್ ಅದಾಳ. ಲಗೂ ಬಾ."

ಮುಗಿಯಿತು ಎಂದುಕೊಂಡೆ. ಕೂತು ಅತ್ತೆ. ಆಮೇಲೆ ಭಾಳ ಶಾಣ್ಯಾನಂತೆ ವಿಚಾರ ಮಾಡಿದೆ: ದೂರದವರೆಲ್ಲ ಬಂದ ಮೇಲೆ ಮಣ್ಣು ಕೊಡುವುದು ಸಂಜೆಯೇ. "ಮಣ್ಣಾಗೂತನಕ ಅಲ್ಲಿ ಉಣ್ಣಾಕ ಬರೂದಿಲ್ಲ, ಎರಡ ರೊಟ್ಟಿ ತಿಂದ ಹೋಗ್ರಿ" ಎಂದಳು ಹೆಂಡತಿ. ತಿಂದೆ. ಪ್ಯಾಟಿಯಲ್ಲಿ ನಿಂತು ಚೆಂಡುಹೂವಿನ ಮಾಲೆ ಕಟ್ಟಿಸಿದೆ. ಅಷ್ಟರಲ್ಲಿ ಒಂದು ಬಸ್ಸು ಹೋಯಿತು. ಹೋಗಲಿ ಬಿಡು ಎಂದು ಮುಂದಿನದನ್ನು ಹತ್ತಿದೆ.

ಸೂಡಿ ಮುಟ್ಟಿದಾಗ ಮನೆಯ ಮುಂದೆ ಆಗಷ್ಟೇ ಮಂದಿ ಕೂಡುತ್ತಿದ್ದರು. ಫೋನು ಮಾಡಿದ್ದ ತಮ್ಮ ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಮಾಲೆಯನ್ನೇ ನೋಡಿದ.

"ಈಗ ಹೋದ್ಲಣ್ಣಾ, ಅರ್ಧ ತಾಸಾತು. ಮುಂಜಾನಿಂದ 'ಮಾಸ್ತರ ಬಂದನೇನು, ಮಾಸ್ತರ ಬಂದನೇನು' ಅಂತ ಬಾಗಲಾ ನೋಡಕೋತ ಇದ್ಲು. ಖರೇನ ಸೀರಿಯಸ್ ಇದ್ಲಣ್ಣಾ."

ತಿಂದ ರೊಟ್ಟಿ ಇನ್ನೂ ಹೊಟ್ಟೆಯಲ್ಲಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಇವತ್ತಿಗೂ ಅದು ಹೋಗಿಲ್ಲ.

ಈ ಹುಡುಗಿಯ ಉತ್ತರಕ್ಕೆ ಸೊನ್ನೆ ಹಾಕಬೇಕು. ಹ್ಯಾಂಗ ಹಾಕಲಿ? ಅವತ್ತು ನಾನೂ ಇದೇ ಉತ್ತರ ಬರೆದವನಲ್ಲವೇ? ಕೊನೆಗೆ ಅದರ ಪಕ್ಕದಲ್ಲಿ ಬರೆದೆ: 'ಜೀವ ಇನ್ನೂ ಇರತೈತಿ. ಲಗೂ ಹೋಗಬೇಕವ್ವಾ.'